ಮುಂಗಾಜಿಗೆ ಲೇಪನವೋ, ಹಿಮ ಕರಗಿಸುವ ದ್ರವವೋ?

ಚಳಿಗಾಲಕ್ಕೆ ಇವೆರಡರಲ್ಲಿ ಒಂದನ್ನು ಆರಿಸುವ ಮುನ್ನ, ಹೆಚ್ಚು ಕಾಡುವುದು ಮಳೆಯೋ ಹಿಮವೋ ಎಂಬುದನ್ನು ನೋಡಬೇಕು. ಸಿಲಿಕೋನ್ ಲೇಪನದ ಮೇಲೆ ನೀರು ಹರಡದೆ ದುಂಡು ಹನಿಗಳಾಗಿ ನಿಲ್ಲುವುದರಿಂದ, ಕಾರು ವೇಗ ಪಡೆದಂತೆ ಗಾಳಿಯೇ ಅವನ್ನು ಗಾಜಿನ ಮೇಲಂಚಿನತ್ತ ತಳ್ಳಿಬಿಡುತ್ತದೆ. ನಿಧಾನ ಸಂಚಾರದಲ್ಲಿ ಈ ಲಾಭ ಅಷ್ಟಾಗಿ ಸಿಗದು, ಹಚ್ಚಿದ ಮೇಲೆ ಚೆನ್ನಾಗಿ ಒರೆಸದಿದ್ದರೆ ವೈಪರ್ ಅದುರುವುದೂ ಉಂಟು. ಲೇಪನವಿದ್ದರೂ ಹಿಮ ಕಟ್ಟುತ್ತದೆ, ಕೆರೆಯುವಾಗ ತುಸು ಬೇಗ ಬಿಡುತ್ತದೆ, ಅಷ್ಟೆ. ಹಿಮಕ್ಕೆ ಆಲ್ಕೋಹಾಲ್ ಬೆರೆತ ದ್ರವವೇ ಮೇಲು: ಐಸೊಪ್ರೊಪೈಲ್ ಆಲ್ಕೋಹಾಲ್ ಹೆಪ್ಪುಗಟ್ಟುವುದು ಸುಮಾರು -89 ಡಿಗ್ರಿ ಸೆಲ್ಸಿಯಸ್‌ನಲ್ಲಿ. (ಬಿಸಿನೀರು ಸುರಿಯುವ ಯೋಚನೆಯನ್ನೇ ಬಿಡಿ; ಗಾಜು ಸೀಳೀತು.) ರಾತ್ರಿಯಿಡೀ ಬಯಲಲ್ಲಿ ನಿಲ್ಲುವ ಕಾರಿಗೆ ನನ್ನ ಮತ ದ್ರವಕ್ಕೆ; ಹೆದ್ದಾರಿಯ ಮಳೆಯಲ್ಲೇ ಹೆಚ್ಚು ಓಡುವ ಕಾರಿಗೆ ಲೇಪನಕ್ಕೆ.