ಹಳೆಯ ಟೂ-ಸ್ಟ್ರೋಕ್ ಬೈಕಿಗೆ ಬೇರೆ ಕಾರ್ಬ್ಯುರೇಟರ್ ಹಾಕಿಸ್ತಿದ್ದೀರಾ? ಆಯಿಲ್ ಪಂಪ್ ನೋಡಿಕೊಳ್ಳಿ

ನನ್ನ ಹಳೆಯ ಟೂ-ಸ್ಟ್ರೋಕ್ ಬೈಕಿನ ಪಿಸ್ಟನ್ ಈಗ ಮೇಜಿನ ಮೇಲಿದೆ. ಒಂದು ಮಗ್ಗುಲಲ್ಲಿ ಅಲ್ಯೂಮಿನಿಯಂ ಉಜ್ಜಿಹೋಗಿ ರಿಂಗಿನ ಮೇಲೆ ಮೆತ್ತಿಕೊಂಡಿದೆ. ಬೆರಳಾಡಿಸಿದರೆ ಗೀರುಗಳು ಉಗುರಿಗೆ ತಗಲುತ್ತವೆ. ಇಷ್ಟಕ್ಕೆಲ್ಲ ಕಾರಣ ಒಂದು ಹೊಸ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕಳಿಸುವ ಭಾಗ), ಜೊತೆಗೆ ನಾನು ನೋಡದೆ ಬಿಟ್ಟ ಒಂದು ಕೇಬಲ್.

ಮೂಲ ಕಾರ್ಬ್ಯುರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ಸ್ಲೈಡ್ ಸವೆದು ಐಡ್ಲಿಂಗ್ ಸ್ಥಿರವಾಗಿರುತ್ತಿರಲಿಲ್ಲ. ಅದರ ಬಾಯಿ 24 ಮಿ.ಮೀ.ನದು. ನಾನು ತರಿಸಿದ್ದು 28. ದೊಡ್ಡದಾದರೆ ಎಳೆತ ಜಾಸ್ತಿ ಅಂದುಕೊಂಡಿದ್ದೆ. ಆದರೆ ಬಾಯಿ ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ನಿಧಾನವಾಗುತ್ತದೆ, ಪೆಟ್ರೋಲ್ ಸರಿಯಾಗಿ ಮೇಲೇಳುವುದಿಲ್ಲ. ಮುಂಚೆ ಸಲೀಸಾಗಿ ಹೋಗುತ್ತಿದ್ದ ಕಡೆಯೆಲ್ಲ ಬೈಕ್ ಮುಗ್ಗರಿಸತೊಡಗಿತು.

ಮೊದಲ ದಿನವೇ ಇನ್ನೊಂದು ಸೂಚನೆ ಸಿಕ್ಕಿತ್ತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಕ್ಷಣ ಇಳಿಯುತ್ತಿರಲಿಲ್ಲ. ಕಾರ್ಬ್ಯುರೇಟರನ್ನು ಎಂಜಿನ್‌ಗೆ ಜೋಡಿಸುವ ಮ್ಯಾನಿಫೋಲ್ಡ್ ರಬ್ಬರಿನ ಹತ್ತಿರ ಹೊರಗಿನ ಗಾಳಿ ಸೇರಿಕೊಂಡರೆ ಹೀಗಾಗುತ್ತದೆ. ನಾನು ಸುಮ್ನೆ ಐಡಲ್ ಸ್ಕ್ರೂ ಇಳಿಸಿಬಿಟ್ಟೆ. ಪ್ಲಗ್ ಬಿಚ್ಚಿದರೆ ತಿಳಿ ಕಂದು ಇರಬೇಕಾದ ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಮೇಲಿನ ತೂತಿನ ಅಳತೆಯ ನಂಬರ್ ಸರಿಯಾಗಿಯೇ ಇತ್ತು, ಅದನ್ನೇ ನಂಬಿದೆ. ಆಮೇಲೆ ಅದೇ ನಂಬರಿನ ಅಸಲಿ ಜೆಟ್ ತಂದು ಪಕ್ಕದಲ್ಲಿಟ್ಟು ನೋಡಿದೆ. ಅಸಲಿಯಲ್ಲಿ ಹಾಯಾಗಿ ತೂರಿದ ತಂತಿ ಇದರಲ್ಲಿ ಹೋಗಲೇ ಇಲ್ಲ. ನಕಲಿ ಮಾಲಿನ ಮೇಲೆ ಅಚ್ಚಾದ ನಂಬರಿಗೆ ಬೆಲೆಯೇ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆಯಿಲ್ ಪಂಪಿನದು. ಆಯಿಲನ್ನು ಪೆಟ್ರೋಲಿಗೆ ಬೆರೆಸದೆ ಪಂಪಿನಿಂದಲೇ ಎಂಜಿನ್‌ಗೆ ಕೊಡುವ, ಯಮಹಾದವರು 1964ರಲ್ಲಿ ಆಟೋಲೂಬ್ ಅಂತ ತಂದ ಪದ್ಧತಿ ಗೊತ್ತಲ್ವಾ? ನನ್ನ ಬೈಕಿನಲ್ಲೂ ಅದೇ ರೀತಿಯ ಪಂಪ್ ಇದೆ. ಆಕ್ಸಿಲರೇಟರಿನಿಂದ ಬರುವ ಕೇಬಲ್ ಎರಡಾಗಿ ಕವಲೊಡೆಯುತ್ತದೆ. ಒಂದು ಸ್ಲೈಡ್ ಎತ್ತುತ್ತದೆ, ಇನ್ನೊಂದು ಪಂಪಿನ ಪುಲ್ಲಿ ತಿರುಗಿಸಿ ಆಯಿಲ್ ಹೆಚ್ಚಿಸುತ್ತದೆ. ಹಳೆಯ ಸ್ಲೈಡಿನಲ್ಲಿ ಒಂದು ಸಣ್ಣ ಚುಕ್ಕಿ ಇತ್ತು. ಅದು ಕಿಂಡಿಯ ಮೇಲ್ತುದಿಗೆ ಬಂದಾಗ ಪುಲ್ಲಿಯ ಗುರುತೂ ಸರಿಹೊಂದಬೇಕು. ಹೊಸ ಸ್ಲೈಡಿನಲ್ಲಿ ಚುಕ್ಕಿಯೇ ಇಲ್ಲ! ಕೇಬಲ್ ಸಡಿಲವಾಗಿದೆ ಅಂತ ಕಾರ್ಬ್ಯುರೇಟರ್ ಕಡೆ ಮಾತ್ರ ಬಿಗಿ ಮಾಡಿದೆ. ಪಂಪಿನ ಮುಚ್ಚಳ ತೆಗೆದೂ ನೋಡಲಿಲ್ಲ. ಎಂಜಿನ್ ಪೂರ್ತಿ ಓಡುತ್ತಿದ್ದರೂ ಪಂಪ್ ಅರ್ಧಕ್ಕೇ ನಿಂತಿತ್ತು.

ಒಂದು ಮಧ್ಯಾಹ್ನ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಹೋಗುತ್ತಿದ್ದೆ. ಸದ್ದು ಒಮ್ಮೆಲೇ ತೆಳ್ಳಗಾಯಿತು, ಪಿಸ್ಟನ್ ಕಚ್ಚಿಕೊಂಡು ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಮೇಲೆ ಬೆರಳಿದ್ದಿದ್ದರಿಂದ ಬೀಳದೆ ಉಳಿದೆ. ಹಿಂದೆ ಗಾಡಿ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಕೈ ನಡುಗುತ್ತದೆ.

ಪಂಪನ್ನೇ ತೆಗೆದು ಪೆಟ್ರೋಲಿಗೆ ಆಯಿಲ್ ಬೆರೆಸ್ತೀನಿ ಅನ್ನುವವರಿಗೂ ಒಂದು ಮಾತು. ಆಯಿಲ್ ಬೆರೆತಷ್ಟೂ ಅದೇ ಜೆಟ್ಟಿನಿಂದ ಹೋಗುವ ಪೆಟ್ರೋಲ್ ಕಡಿಮೆಯಾಗುತ್ತದೆ. ಜೆಟ್ ಮತ್ತೆ ನೋಡಲೇಬೇಕು.

ಈಗಾಗಲೇ ಬೇರೆ ಕಾರ್ಬ್ಯುರೇಟರ್ ಹಾಕಿಸಿಕೊಂಡಿದ್ದರೆ ದಯವಿಟ್ಟು ಬೈಕ್ ತೆಗೆಯುವ ಮುಂಚೆ ಪಂಪಿನ ಮುಚ್ಚಳ ಬಿಚ್ಚಿ. ಒಬ್ಬರು ಆಕ್ಸಿಲರೇಟರ್ ತಿರುವಲಿ, ನೀವು ಪುಲ್ಲಿಯನ್ನೇ ನೋಡುತ್ತಿರಿ. ಸ್ಲೈಡ್ ಪೂರ್ತಿ ಎದ್ದರೂ ಪುಲ್ಲಿ ಹಿಂದೆ ಉಳಿದರೆ ಕಿಕ್ ಹೊಡೆಯಲೇಬೇಡಿ.