ಕಾಲವಲ್ಲದ ಕಾಲದ ಅಂಜೂರ: ಪುಣೆಯ ಒಂದು ಸತ್ಯವೇದ ತರಗತಿ

ಪುಣೆಯಲ್ಲಿ ನೆಲೆಸಿರುವ ಕನ್ನಡ ಕ್ರೈಸ್ತರಿಗೆ ತಮ್ಮ ಭಾಷೆಯಲ್ಲಿ ಆರಾಧನೆ ದೊರೆಯುತ್ತದೆ, ಹಳೆಯ ಸಂಗೀತಗಳೂ ದೊರೆಯುತ್ತವೆ. ಸುಲಭಕ್ಕೆ ದೊರೆಯದಿರುವುದು ಸತ್ಯವೇದದ, ಅಂದರೆ ಬೈಬಲಿನ, ಒಂದು ಕಷ್ಟದ ಭಾಗವನ್ನು ಸಾವಕಾಶವಾಗಿ, ನಡುನಡುವೆ ಪ್ರಶ್ನೆ ಕೇಳುತ್ತ ಓದುವ ಜಾಗ. ಕ್ಯಾಂಪ್ ಭಾಗದ ಒಂದು ಬಾಡಿಗೆ ಸಭಾಂಗಣದಲ್ಲಿ ಚಿಕ್ಕದೊಂದು ವಿಶ್ವಾಸಿಗಳ ಕೂಟ ಈ ಲೆಂತ್ ಕಾಲದಲ್ಲಿ (ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ) ನಡೆಸಿದ ಆರು ಶನಿವಾರಗಳ ತರಗತಿಗೆ ನಾನು ಸೇರಿದ್ದು ಈ ಕೊರತೆಯ ಕಾರಣದಿಂದಲೇ. ಶುಲ್ಕ 600 ರೂಪಾಯಿ. ಅದರಲ್ಲಿ 44 ಪುಟಗಳ ಟಿಪ್ಪಣಿ ಪುಸ್ತಿಕೆಯೂ ಪ್ರತಿ ಸಂಜೆಯ ಚಹಾವೂ ಸೇರಿದ್ದವು. ಆರೂ ವಾರ ಓದಿದ್ದು ಒಂದೇ ಭಾಗ: ಮಾರ್ಕನ ಸುವಾರ್ತೆಯ 11ನೆಯ ಅಧ್ಯಾಯದ 12ರಿಂದ 25ನೆಯ ವಚನಗಳು, ಅಂದರೆ ಯೇಸು ಅಂಜೂರದ ಮರವನ್ನು ಶಪಿಸಿದ ಪ್ರಸಂಗ. ಹದಿನಾಲ್ಕು ವಚನಗಳಿಗೆ ಒಂಬತ್ತು ತಾಸು ಏಕೆ ಬೇಕು ಎಂದು ಮನೆಯಲ್ಲಿ ಕೇಳಿದವರಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ.

ಪ್ರಸಂಗ ಹೀಗಿದೆ. ಯೆಹೂದ್ಯರ ಪಸ್ಕಹಬ್ಬಕ್ಕೆ ಕೆಲವೇ ದಿನಗಳಿರುವಾಗ ಬೇಥಾನ್ಯದಿಂದ ಹೊರಟ ಯೇಸುವಿಗೆ ಹಸಿವಾಗುತ್ತದೆ. ದೂರದಲ್ಲಿ ಎಲೆ ತುಂಬಿದ ಅಂಜೂರದ ಮರ ಕಂಡು ಹತ್ತಿರ ಹೋದರೆ ಎಲೆಯ ಹೊರತು ಮತ್ತೇನೂ ಸಿಗುವುದಿಲ್ಲ. ಏಕೆಂದರೆ ಅದು ಅಂಜೂರದ ಕಾಲವಲ್ಲ ಎಂದು ಮಾರ್ಕನೇ ವಿವರಣೆ ಸೇರಿಸುತ್ತಾನೆ. ಆದರೂ ಇನ್ನು ಮುಂದೆ ಯಾರೂ ನಿನ್ನ ಹಣ್ಣು ತಿನ್ನದಿರಲಿ ಎಂಬ ಮಾತು ಮರದ ಮೇಲೆ ಬೀಳುತ್ತದೆ, ಮರುದಿನ ಬೆಳಿಗ್ಗೆ ಮರ ಬೇರುಸಹಿತ ಒಣಗಿರುತ್ತದೆ. 1927ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ತಾನು ಕ್ರೈಸ್ತನಾಗದಿರುವುದಕ್ಕೆ ಕೊಟ್ಟ ಕಾರಣಗಳಲ್ಲಿ ಈ ಮರವೂ ಒಂದಾಗಿತ್ತು. ನಮ್ಮ ಪ್ರಸಂಗಪೀಠಗಳಲ್ಲಿ ಮಾತ್ರ ಈ ಭಾಗ ಬಂದಾಗ, ಹೊರಗೆ ಎಲೆ ಒಳಗೆ ಫಲವಿಲ್ಲ, ಕಪಟಭಕ್ತಿ ಬೇಡ ಎಂದು ಹೇಳಿ ದಾಟಿಬಿಡುವ ರೂಢಿಯಿದೆ. ಕಾಲವಲ್ಲ ಎಂಬ ಆ ತೊಡಕಿನ ಮಾತನ್ನು ಓದಿ ಮುಗಿಸುವಾಗ ಸ್ವರ ಸ್ವಲ್ಪ ತಗ್ಗುತ್ತದೆ, ಅಷ್ಟೆ.

ಮೊದಲ ಶನಿವಾರವೇ ಗದಗ-ಬೆಟಗೇರಿಯ ಕಡೆಯಿಂದ ಬಂದು ಮಗನ ಮನೆಯಲ್ಲಿರುವ ಒಬ್ಬ ಅಜ್ಜಿ ಕೈಯೆತ್ತಿ ಕೇಳಿದರು: "ಅಯ್ಯನವರೇ, ಕಾಲ ಅಲ್ಲದಾಗ ಹಣ್ಣು ಕೊಡಲಿಲ್ಲ ಅಂದ್ರ ಅದ್ರಾಗ ಗಿಡದ್ದೇನು ತಪ್ಪು ಐತ್ರೀ?" ಪಾಠ ಮಾಡುವವರು ಧಾರವಾಡ ಸೀಮೆಯ ನಿವೃತ್ತ ಸಭಾಪಾಲಕರು. ಅವರು ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. "ಅಮ್ಮಾರ, ಇದ ಪ್ರಶ್ನೆ. ಆರು ವಾರ ಇದನ್ನ ಕೈಯಾಗ ಹಿಡಕೊಂಡ ಓದೂಣು" ಎಂದು ಹೇಳಿ ಅದನ್ನು ಹಲಗೆಯ ಮೇಲ್ತುದಿಯಲ್ಲಿ ಬರೆದರು. ಮುಂದಿನ ಪ್ರತಿ ಶನಿವಾರವೂ ಪಾಠಕ್ಕೆ ಮುನ್ನ ಆ ಸಾಲನ್ನು ಮತ್ತೆ ಬರೆಯಲಾಯಿತು. ಈ ತರಗತಿಯ ಬಗ್ಗೆ ನನಗಿರುವ ಗೌರವಕ್ಕೆ ಮುಖ್ಯ ಕಾರಣ ಈ ಒಂದು ಶಿಸ್ತು.

ಎರಡನೆಯ ವಾರ ಮೂರು ಸುವಾರ್ತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದೆವು. ಮತ್ತಾಯನಲ್ಲಿ (21:18-22) ಮರ ಆ ಕ್ಷಣವೇ ಒಣಗುತ್ತದೆ, ಕಾಲದ ಮಾತೇ ಇಲ್ಲ. ಲೂಕನು ಘಟನೆಯನ್ನು ಪೂರ್ತಿಯಾಗಿ ಕೈಬಿಟ್ಟಿದ್ದಾನೆ. ಬದಲಿಗೆ ಅವನ 13ನೆಯ ಅಧ್ಯಾಯದಲ್ಲಿ ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷ ಅಗೆದು ಗೊಬ್ಬರ ಹಾಕುತ್ತೇನೆಂದು ತೋಟಗಾರ ಬೇಡಿಕೊಳ್ಳುವ ಸಾಮ್ಯ (ದೃಷ್ಟಾಂತ ಕಥೆ) ಇದೆ. ತೊಡಕನ್ನು ಉಳಿಸಿಕೊಂಡವನು ಮಾರ್ಕನೊಬ್ಬನೇ. ಮುಜುಗರದ ವಾಕ್ಯವನ್ನು ಅವನು ಬರೆಯದೆಯೂ ಇರಬಹುದಾಗಿತ್ತು, ಬರೆದಿದ್ದಾನೆ; ಹಾಗಾದರೆ ಅದನ್ನು ಅಳಿಸಿ ಹಾಕುವ ವಿವರಣೆ ಮಾರ್ಕನ ವಿವರಣೆಯಾಗಲಾರದು ಎಂಬ ಅಯ್ಯನವರ ಮಾತು ಸರಳವಾಗಿದ್ದರೂ ಮುಂದಿನ ವಾರಗಳಿಗೆಲ್ಲ ಅದೇ ಅಳತೆಗೋಲಾಯಿತು.

ಮೂರನೆಯ ವಾರದ್ದು ನನ್ನ ಲೆಕ್ಕದಲ್ಲಿ ಇಡೀ ಸರಣಿಯ ಅತ್ಯುತ್ತಮ ಸಂಜೆ. ಅಂದು ಮೇಜಿನ ಮೇಲೆ ಸಾಸವಡ ಕಡೆಯಿಂದ ತಂದ ಒಂದು ಬುಟ್ಟಿ ಅಂಜೂರವಿತ್ತು, ಜೊತೆಗೆ ಎಲೆಯಿರುವ ಒಂದು ರೆಂಬೆ. ಸಾಸವಡ ಇರುವ ಪುರಂದರ ತಾಲ್ಲೂಕಿನ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ದೊರೆತಿದೆ. ದಿವೆ ಘಾಟ್ ಹತ್ತಿ ಹೋದ ಪುಣೆಕರರಿಗೆಲ್ಲ ಅದು ಪರಿಚಿತ ಹಣ್ಣು. ಅಲ್ಲಿನ ರೈತರು ಎರಡು ಬೆಳೆ ಲೆಕ್ಕ ಹಾಕುತ್ತಾರೆ: ಚಳಿಗಾಲಕ್ಕೆ ಬರುವ ಖಟ್ಟಾ ಬಹಾರ್, ಬೇಸಿಗೆಗೆ ಬರುವ ಮೀಠಾ ಬಹಾರ್. ಆದ್ದರಿಂದ ಲೆಂತ್ ಕಾಲದಲ್ಲಿ, ಅಂದರೆ ಪಸ್ಕಹಬ್ಬದ ಆಸುಪಾಸಿನಲ್ಲಿ, ನಮ್ಮ ಮಾರುಕಟ್ಟೆ ಅಂಜೂರದಿಂದ ತುಂಬಿರುತ್ತದೆ, ಮತ್ತು ಪುಣೆಯಲ್ಲಿ ಕುಳಿತು ಈ ಭಾಗ ಓದುವವನಿಗೆ ಮರದ ಮೇಲೆ ಹಣ್ಣು ಹುಡುಕುವುದು ತೀರ ಸಹಜವೆನಿಸುತ್ತದೆ. ಯೆರೂಸಲೇಮಿನ ಲೆಕ್ಕ ಬೇರೆ. ಅಲ್ಲಿ ಚಳಿಗಾಲದಲ್ಲಿ ಎಲೆ ಉದುರಿಸಿ ಬೋಳಾಗುವ ಮರ ಮಾರ್ಚ್-ಏಪ್ರಿಲ್ ಹೊತ್ತಿಗೆ ಚಿಗುರುತ್ತದೆ. ಹಿಂದಿನ ವರ್ಷದ ಕೊಂಬೆಯಲ್ಲಿ ಮೂಡುವ ಮೊದಲ ಕಾಯಿಗಳು ಜೂನ್ ಸುಮಾರಿಗೆ ಹಣ್ಣಾದರೆ, ಹೊಸ ಚಿಗುರಿನ ದೊಡ್ಡ ಬೆಳೆ ಬೇಸಿಗೆಯ ಕೊನೆಗೆ ಬರುತ್ತದೆ. ಹಳೆಯ ಒಡಂಬಡಿಕೆಯ ಪರಮಗೀತದ ಎರಡನೆಯ ಅಧ್ಯಾಯ ವಸಂತದಲ್ಲಿ ಕಾಣುವ ಆ ಎಳೆಗಾಯಿಗಳ ಮಾತಾಡುತ್ತದೆ. ಪ್ರವಾದಿಗಳಾದ ಯೆಶಾಯ, ಹೋಶೇಯ, ಮೀಕರು ಮೊದಲ ಹಣ್ಣಿನ ರುಚಿಯನ್ನು ನೆನೆಯುತ್ತಾರೆ.

ಇಲ್ಲಿಂದ ಹುಟ್ಟುವ ಪರಿಚಿತ ಸಮಾಧಾನವೊಂದಿದೆ. ಎಲೆಯ ಜೊತೆಗೆ ಎಳೆಗಾಯಿ ಇರಲೇಬೇಕು, ಹಸಿದವರು ಅದನ್ನೂ ಕಿತ್ತು ತಿನ್ನುತ್ತಿದ್ದರು, ಈ ಮರದಲ್ಲಿ ಅದೂ ಇರಲಿಲ್ಲವಾದ್ದರಿಂದ ಆ ವರ್ಷ ಅದು ಫಲ ಕೊಡುವುದೇ ಇಲ್ಲವೆಂದು ಯೇಸುವಿಗೆ ತಿಳಿಯಿತು ಎಂಬುದು ಅದರ ತಿರುಳು. ಅಯ್ಯನವರು ಇದನ್ನು ತಕ್ಕಷ್ಟು ಗೌರವದಿಂದ ವಿವರಿಸಿದರು, ಆಮೇಲೆ ಹಲಗೆಯ ಮೇಲಿನ ಸಾಲಿಗೆ ಬೆರಳಿಟ್ಟರು. ಯೇಸು ಮರದ ಬಳಿಗೆ ಏಕೆ ಹೋದನೆಂಬುದಕ್ಕೆ ಈ ತೋಟಗಾರಿಕೆಯ ಉತ್ತರ ಸಾಕು. ಹಣ್ಣಿಲ್ಲದ್ದಕ್ಕೆ ಮಾರ್ಕನು ಕೊಡುವ ಕಾರಣವನ್ನು ಮಾತ್ರ ಅದು ಮುಟ್ಟುವುದಿಲ್ಲ. ಮರ ಬಂಜೆಯಾಗಿತ್ತೆಂದು ಮಾರ್ಕನು ಹೇಳಲಿಲ್ಲ, ಕಾಲವಾಗಿರಲಿಲ್ಲ ಎಂದ. ನಾನು ಇಷ್ಟು ವರ್ಷ ನೆಮ್ಮದಿಯಿಂದ ಒಪ್ಪಿಕೊಂಡಿದ್ದ ವಿವರಣೆ ಹೀಗೆ ಅಂಜೂರ ತಿನ್ನುತ್ತಲೇ ಕೈಬಿಟ್ಟುಹೋಯಿತು.

ಅದೇ ಸಂಜೆ ಬಂದ ಇನ್ನೊಂದು ಒಳನೋಟ ಭಾಷೆಯದು. ಮಾರ್ಕನು ಇಲ್ಲಿ ಬಳಸುವ ಗ್ರೀಕ್ ಪದ ಕೈರೋಸ್; ಗಡಿಯಾರದ ಹೊತ್ತಲ್ಲ, ತಕ್ಕ ಸಮಯ. ಕಾಲ ತುಂಬಿತು, ದೇವರ ರಾಜ್ಯ ಹತ್ತಿರ ಬಂತು ಎಂದು ಯೇಸು ಸಾರುವ ಮೊದಲ ಅಧ್ಯಾಯದ 15ನೆಯ ವಚನದಲ್ಲಿಯೂ, ದ್ರಾಕ್ಷೇತೋಟದ ಯಜಮಾನ ಫಲಕಾಲದಲ್ಲಿ ಆಳನ್ನು ಕಳುಹಿಸುವ 12ನೆಯ ಅಧ್ಯಾಯದ ಎರಡನೆಯ ವಚನದಲ್ಲಿಯೂ ಇದೇ ಪದವಿದೆ. ಇಂಗ್ಲಿಷಿನಲ್ಲಿ ಓದುವವರಿಗೆ ಇವು ಬೇರೆಬೇರೆ ಮಾತುಗಳಾಗಿ ಕಾಣಬಹುದು. ಕನ್ನಡದ ಕಾಲ ಎಂಬ ಮಾತಾದರೋ ಹಲಸಿನ ಕಾಲಕ್ಕೂ ಸಲ್ಲುತ್ತದೆ, ಮದುವೆಗೆ ಕಾಲ ಕೂಡಿಬಂತು ಎಂಬಲ್ಲಿಗೂ ಸಲ್ಲುತ್ತದೆ. ಹಣ್ಣಿನ ಕಾಲದ ಒಳಗೆ ದೇವರು ಯೆರೂಸಲೇಮಿನ ತನ್ನ ಆಲಯಕ್ಕೆ ಬಂದ ಕಾಲವನ್ನೂ ಕೇಳಿಸಿಕೊಳ್ಳಲು ಕನ್ನಡ ಕಿವಿಗೆ ಹೆಚ್ಚು ಶ್ರಮವಿಲ್ಲ. ಮರ ಋತುವಿನ ಲೆಕ್ಕದಲ್ಲಿ ನಿರಪರಾಧಿ, ಆದರೆ, ಮುಂದೆ ನೋಡಲಿರುವಂತೆ, ಅದು ಸೂಚಿಸುವ ಆಲಯ ತನ್ನ ಕಾಲವನ್ನು ಗುರುತಿಸಲಿಲ್ಲ. ಇದು ಅಜ್ಜಿಯ ಪ್ರಶ್ನೆಗೆ ಅರ್ಧ ಉತ್ತರ.

ಉಳಿದ ಅರ್ಧಕ್ಕೆ ನಾಲ್ಕು, ಐದನೆಯ ವಾರಗಳು ಮೀಸಲಾದವು. ಒಂದು ಕಥೆಯನ್ನು ಆರಂಭಿಸಿ, ನಡುವೆ ಇನ್ನೊಂದನ್ನು ಇಟ್ಟು, ಮತ್ತೆ ಮೊದಲನೆಯದನ್ನು ಮುಗಿಸುವುದು ಮಾರ್ಕನ ಪದ್ಧತಿ. ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ಕಥೆಯ ನಡುವೆ ರಕ್ತಸ್ರಾವದ ಹೆಂಗಸು ಬರುವುದು ಹಾಗೆಯೇ. ಇಲ್ಲಿ ಮರದ ಎರಡು ತುಂಡುಗಳ ನಡುವೆ ಇರುವುದು ಯೇಸು ದೇವಾಲಯದಲ್ಲಿ ಚಿನಿವಾರರ (ಹಣ ಬದಲಾಯಿಸಿಕೊಡುವವರ) ಮೇಜುಗಳನ್ನು ಕೆಡವಿದ ಘಟನೆ. ಅದಕ್ಕೂ ಮುಂಚೆ, 11ನೆಯ ವಚನದಲ್ಲಿ, ಹಿಂದಿನ ಸಂಜೆಯೇ ಅವನು ಆಲಯಕ್ಕೆ ಹೋಗಿ ಸುತ್ತಲೂ ಎಲ್ಲವನ್ನೂ ನೋಡಿ, ಹೊತ್ತಾಯಿತೆಂದು ಹೊರಟುಹೋದನೆಂಬ ಸಾಲಿದೆ. ನಾನು ಅದನ್ನು ಎಷ್ಟು ಸಲ ಓದಿಲ್ಲ! ಸಂಜೆ ಆಲಯವನ್ನು ನೋಡಿದವನು ಬೆಳಿಗ್ಗೆ ಮರವನ್ನು ನೋಡಿದ ಎಂದು ಎರಡನ್ನೂ ಸೇರಿಸಿ ಓದಿದ್ದು ಇದೇ ಮೊದಲು. ಯೆರೆಮೀಯ 8:13ರಲ್ಲಿ ಅಂಜೂರದ ಮರದಲ್ಲಿ ಹಣ್ಣಿಲ್ಲ, ಎಲೆಯೂ ಬಾಡಿದೆ ಎಂಬ ಮಾತನ್ನೂ ಮೀಕ 7:1ರಲ್ಲಿ ಮೊದಲ ಅಂಜೂರಕ್ಕೆ ಹಂಬಲಿಸುವ ಪ್ರವಾದಿಯ ದುಃಖವನ್ನೂ ಇದರ ಬಳಿಗೆ ತಂದಾಗ, ಹಸಿದವನ ಸಿಟ್ಟೆಂದು ಕಂಡದ್ದು ಪ್ರವಾದಿಗಳ ಹಳೆಯ ನುಡಿಯನ್ನು ನಡೆದು ತೋರಿಸಿದ ಕ್ರಿಯೆಯಾಗಿ ಕಾಣತೊಡಗಿತು. ಯೆರೆಮೀಯನು ಜನರ ಮುಂದೆ ಮಣ್ಣಿನ ಕೊಡ ಒಡೆದಂತೆ. ಕೊಡದ ತಪ್ಪೇನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಜ್ಜಿ ಮಾತ್ರ, "ಕೊಡಕ್ಕ ಜೀವ ಇರೂದಿಲ್ಲಲ್ರೀ" ಎಂದರು, ಮತ್ತು ಅವರ ಮಾತಿನಲ್ಲಿ ಹುರುಳಿತ್ತು.

ಆಲಯವನ್ನು ಕಳ್ಳರ ಗವಿ ಮಾಡಿದ್ದೀರಿ ಎಂದು ಯೇಸು ಅಲ್ಲಿ ಆಡಿದ ಮಾತಿನ ವಿವರಣೆಯೂ ಮೌಲ್ಯದ್ದಾಗಿತ್ತು. ಆಲಯದಲ್ಲಿ ವ್ಯಾಪಾರಿಗಳು ಜನರನ್ನು ಸುಲಿಯುತ್ತಿದ್ದರೆಂದಷ್ಟೇ ನಾವು ತಿಳಿಯುತ್ತೇವೆ. ಯೆರೆಮೀಯನ ಏಳನೆಯ ಅಧ್ಯಾಯದಲ್ಲಿ ಗವಿಯೆಂದರೆ ಕಳವು ಮಾಡುವ ಜಾಗವಲ್ಲ, ಕಳವು ಮಾಡಿ ಬಂದು ಸುರಕ್ಷಿತವಾಗಿ ಅಡಗುವ ಜಾಗ. ಹೊರಗೆ ಅನ್ಯಾಯ ಮಾಡಿ ಒಳಗೆ ಬಂದು ನಾವು ಪಾರಾದೆವು ಎನ್ನುವವರನ್ನು ಪ್ರವಾದಿ ಗದರಿಸುತ್ತಾನೆ. ಯೇಸು ಅಲ್ಲಿಯೇ ನೆನಪಿಸುವ, ಸಕಲ ಜನಾಂಗಗಳಿಗೂ ಪ್ರಾರ್ಥನಾಲಯ ಎಂಬ ಯೆಶಾಯನ ಮಾತಿನಲ್ಲಿ ಸಕಲ ಜನಾಂಗಗಳಿಗೂ ಎಂಬುದನ್ನು ಉಳಿಸಿಕೊಂಡವನು ಮಾರ್ಕನೊಬ್ಬನೇ ಎಂಬುದನ್ನೂ ಅಂದು ಗಮನಿಸಿದೆವು. ಈ ಭಾಗವನ್ನು ಯೆಹೂದ್ಯರ ಮೇಲಿನ ಶಾಪವೆಂದು ಓದಿದ ಕ್ರೈಸ್ತ ಇತಿಹಾಸ ನಾಚಿಕೆಯದು ಎಂದು ಅಯ್ಯನವರು ನೇರವಾಗಿಯೇ ಹೇಳಿದರು. ಯೆರೆಮೀಯನು ಯಾಜಕರ ಮನೆತನದವನು, ಯೇಸುವೂ ಶಿಷ್ಯರೂ ಯೆಹೂದ್ಯರು, ಇದು ಮನೆಯೊಳಗಿನ ಗದರಿಕೆ, ಆಲಯ ಕ್ರಿ.ಶ. 70ರಲ್ಲಿ ಬಿದ್ದದ್ದನ್ನು ನೆನೆದು ನಾವು ಬೀಗುವುದಾದರೆ ಆ ಎಲೆ ತುಂಬಿದ ಮರ ನಾವೇ ಆಗುತ್ತೇವೆ ಎಂಬ ಎಚ್ಚರಿಕೆ ಪುಸ್ತಿಕೆಯಲ್ಲಿಯೂ ಇದೆ.

ಇಷ್ಟು ಹೊಗಳಿದ ಮೇಲೆ ದೂರುಗಳನ್ನು ಮರೆಮಾಚುವುದು ಸರಿಯಲ್ಲ. ಆರನೆಯ ವಾರ ನಿರಾಸೆಯದು. 22ರಿಂದ 25ನೆಯ ವಚನಗಳು, ಅಂದರೆ ಬೆಟ್ಟ ಕಿತ್ತು ಸಮುದ್ರಕ್ಕೆ ಬೀಳುವ ನಂಬಿಕೆಯ ಮಾತು, ಬೇಡಿದ್ದೆಲ್ಲ ಸಿಗುವುದೆಂಬ ಮಾತು, ಪ್ರಾರ್ಥಿಸುವಾಗ ಕ್ಷಮಿಸಿರಿ ಎಂಬ ಮಾತು, ಮರದ ಪ್ರಶ್ನೆಗಿಂತ ಕಡಿಮೆ ಕಷ್ಟದವಲ್ಲ. ಅಂದು ಅಯ್ಯನವರಿಗೆ ಆರೋಗ್ಯ ಸರಿಯಿರಲಿಲ್ಲ. ಬದಲಿಗೆ ಬಂದ ಕೂಟದ ಮುಂದಾಳೊಬ್ಬರು ಮುಕ್ಕಾಲು ತಾಸು ತಮ್ಮ ಬಾಳಿನ ಸಾಕ್ಷಿ ಹೇಳುವುದರಲ್ಲೇ ಕಳೆದರು, ಆ ಸಾಕ್ಷಿಯಲ್ಲಿ ಬೆಟ್ಟವೆಂದರೆ ಗೃಹಸಾಲ ಮತ್ತು ಮಗನ ವೀಸಾ. ಆ ಬೆಟ್ಟ ಎದುರಿಗಿದ್ದ ಎಣ್ಣೇಮರಗಳ ಗುಡ್ಡವೋ ಆಲಯವಿದ್ದ ಗುಡ್ಡವೋ ಎಂಬ ಪ್ರಶ್ನೆ ಏಳಲೇ ಇಲ್ಲ. ಆಲಯವನ್ನು ಪ್ರಾರ್ಥನೆಯ ಮನೆಯೆಂದು ಕರೆದ ಬೆನ್ನಿಗೇ ಶಿಷ್ಯರಿಗೆ ಪ್ರಾರ್ಥನೆಯನ್ನೂ ಕ್ಷಮೆಯನ್ನೂ ಒಪ್ಪಿಸಿದ್ದು ಏಕೆ ಎಂಬ, ಇಡೀ ಭಾಗದ ಗಂಟು ಬಿಚ್ಚಬಹುದಾಗಿದ್ದ ಪ್ರಶ್ನೆಯೂ ಹಾಗೆಯೇ ಉಳಿಯಿತು. ಐದು ವಾರ ಜತನದಿಂದ ಕಟ್ಟಿದ ಓದಿಗೆ ಇದು ತಕ್ಕ ಮುಕ್ತಾಯವಾಗಿರಲಿಲ್ಲ. 26ನೆಯ ವಚನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೆಂಬುದನ್ನು ಪುಸ್ತಿಕೆ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತದೆ. ಏಕಿಲ್ಲವೆಂದು ಕೇಳಿದವರಿಗೆ ಉತ್ತರ ಸಿಗಲಿಲ್ಲ.

ಪುಸ್ತಿಕೆಯ ಬೆರಳಚ್ಚು ಅಚ್ಚುಕಟ್ಟಾಗಿಲ್ಲ, ಒತ್ತಕ್ಷರಗಳು ಅಲ್ಲಲ್ಲಿ ಕಳಚಿ ಬಿದ್ದಿವೆ. ಒಂದು ಪುಟದಲ್ಲಿ ಮೀಕನ ವಚನದ ಸಂಖ್ಯೆಯೇ ತಪ್ಪಾಗಿದೆ. ಪುಣೆಯ ಐಟಿ ವಲಯವಾದ ಹಿಂಜವಡಿಯಲ್ಲಿ ಕೆಲಸ ಮಾಡುವ ಏಳೆಂಟು ತರುಣರಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವರಿಗಾಗಿ ವಚನಗಳನ್ನು ಗಟ್ಟಿಯಾಗಿ ಓದಿಸುವ ಏರ್ಪಾಡು ನಾಲ್ಕನೆಯ ವಾರದಿಂದಷ್ಟೇ ಆರಂಭವಾಯಿತು. ಸಭಾಂಗಣ ಎರಡನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮತ್ತು ಅಜ್ಜಿ ಪ್ರತಿ ವಾರ ಮೆಟ್ಟಿಲಲ್ಲಿ ಎರಡು ಸಲ ಕುಳಿತು ಹತ್ತಿದರು. ಚಹಾ ಚೆನ್ನಾಗಿತ್ತು.

ವಾರದಲ್ಲಿ ದಣಿದು, ಮನಸ್ಸಿಗೆ ಸಮಾಧಾನದ ನಾಲ್ಕು ಮಾತು ಬೇಕೆಂದು ಬರುವವರಿಗೆ ಈ ತರಗತಿ ಹಿಡಿಸಲಿಕ್ಕಿಲ್ಲ. ಮೂರನೆಯ ವಾರದ ನಂತರ ಮೂವತ್ತರಲ್ಲಿ ಆರು ಕುರ್ಚಿಗಳು ಖಾಲಿಯಾದದ್ದನ್ನು ನಾನೇ ಎಣಿಸಿದ್ದೇನೆ. ಬಾಲ್ಯದಿಂದ ಕೇಳಿದ ವಚನವನ್ನು ಮತ್ತೆ ಮೊದಲಿನಿಂದ ಓದುವ ತಾಳ್ಮೆಯಿರುವವರಿಗೆ 600 ರೂಪಾಯಿ ಹೆಚ್ಚಲ್ಲ. ಮಳೆಗಾಲದ ಸರಣಿ ಲೂಕ 16ರ ಅನ್ಯಾಯದ ಮನೆವಾರ್ತೆಯವನ (ಯಜಮಾನನ ಆಸ್ತಿ ನೋಡಿಕೊಳ್ಳುವವನ) ಸಾಮ್ಯದ ಮೇಲೆ ಇರುವುದೆಂದು ತಿಳಿಸಿದ್ದಾರೆ. ಕೊನೆಯ ವಾರವೂ ಅಯ್ಯನವರೇ ಪಾಠ ಮಾಡುವರೇ ಎಂದು ಖಚಿತಪಡಿಸಿಕೊಂಡು, ನೆಲಮಹಡಿಯ ಕೋಣೆ ಸಿಗುವುದೇ ಎಂದೂ ಕೇಳಿ, ಎರಡು ಹೆಸರು ಬರೆಸಿ ಬಂದಿದ್ದೇನೆ: ಒಂದು ನನ್ನದು, ಇನ್ನೊಂದು ಗದಗದ ಅಜ್ಜಿಯದು.