ಕೋಷ್ಟಕದಿಂದ ಆಬ್ಜೆಕ್ಟಿಗೆ: ಪಾಂಡಾಸ್, ಬ್ರೌಸರ್ ಕನ್ಸೋಲ್ ಮತ್ತು ಬ್ಯೂಟಿಫುಲ್ ಸೂಪ್

ವೆಬ್ ಪುಟದ ಕೋಷ್ಟಕವನ್ನು ಓದಿ, ಅದರ ಪ್ರತಿಯೊಂದು ಸಾಲನ್ನೂ ಒಂದೊಂದು ಆಬ್ಜೆಕ್ಟ್ (ಹೆಸರಿಟ್ಟ ಮೌಲ್ಯಗಳ ಗುಂಪು) ಆಗಿ ಮಾಡುವ ಕೆಲಸಕ್ಕೆ ನಾನು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ. ಪೈಥಾನ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಲೈಬ್ರರಿಯಾದ ಪಾಂಡಾಸ್, ಬ್ರೌಸರಿನ ಕನ್ಸೋಲಿನಲ್ಲಿ (ಕೋಡ್ ಬರೆದು ಓಡಿಸುವ ಕಿಟಕಿಯಲ್ಲಿ) ಬರೆಯುವ ಜಾವಾಸ್ಕ್ರಿಪ್ಟ್, ಮತ್ತು ವೆಬ್ ಪುಟದ ಮೂಲವನ್ನು ಓದುವ ಪೈಥಾನ್ ಲೈಬ್ರರಿಯಾದ ಬ್ಯೂಟಿಫುಲ್ ಸೂಪ್ ಜೊತೆಗೆ ನಾವೇ ಬರೆದುಕೊಳ್ಳುವ ಲೂಪ್. ಈಗ ನಾನು ನೆಚ್ಚಿಕೊಂಡಿರುವುದು ಮೂರನೆಯದನ್ನು. ಮೊದಲನೆಯದರಿಂದ ಪೆಟ್ಟು ತಿಂದ ಮೇಲೆಯೇ ನಾನು ಅದರತ್ತ ಹೊರಳಿದ್ದು.

ನನಗೆ ಬೇಕಾಗಿದ್ದುದು ದೇಶಗಳ ಐಎಸ್‌ಒ 3166 ಸಂಕೇತಗಳ, ಅಂದರೆ ಪ್ರತಿ ದೇಶಕ್ಕೂ ಅಂತರರಾಷ್ಟ್ರೀಯ ಮಾನದಂಡವೊಂದು ಕೊಡುವ ಕಿರು ಅಕ್ಷರ ಮತ್ತು ಅಂಕೆ ಗುರುತುಗಳ ಕೋಷ್ಟಕ. ಪಾಂಡಾಸ್‌ನ ರೀಡ್-ಎಚ್‌ಟಿಎಂಎಲ್ ಫಂಕ್ಷನ್ ಒಂದೇ ಸಾಲಿನ ಕೋಡಿನಲ್ಲಿ ಅದನ್ನು ತಂದುಕೊಟ್ಟಿತು. ಸಾಲುಗಳನ್ನು ಡಿಕ್ಷನರಿಗಳಾಗಿ (ಹೆಸರು ಮತ್ತು ಮೌಲ್ಯದ ಜೋಡಿಗಳಾಗಿ) ಮಾಡಿ, ಪೈಥಾನಿನ ಜೇಸನ್ ಮಾಡ್ಯೂಲಿನಿಂದ ಕಡತ ಬರೆದೆ. ಜೇಸನ್ ಎಂಬುದು ಪ್ರೋಗ್ರಾಮುಗಳ ನಡುವೆ ಮಾಹಿತಿ ಸಾಗಿಸುವ ಪಠ್ಯರೂಪ. ಬ್ರೌಸರ್ ಆ ಕಡತವನ್ನು ಓದಲು ನಿರಾಕರಿಸಿತು. ಹುಡುಕುತ್ತಾ ಹೋದಾಗ ದೋಷ ಸಿಕ್ಕಿದ್ದು ನಮೀಬಿಯಾದ ಸಾಲಿನಲ್ಲಿ. ಆ ದೇಶದ ಎರಡಕ್ಷರದ ಸಂಕೇತ 'ಎನ್‌ಎ'. ಪಾಂಡಾಸ್ ಅದನ್ನು 'ಮಾಹಿತಿ ಲಭ್ಯವಿಲ್ಲ' ಎಂದು ಅರ್ಥಮಾಡಿಕೊಂಡು, ಆ ಜಾಗದಲ್ಲಿ 'ನ್ಯಾನ್' ಎಂಬ ಖಾಲಿ ಮೌಲ್ಯವನ್ನು ಇಟ್ಟಿತ್ತು. ಪೈಥಾನಿನ ಜೇಸನ್ ಮಾಡ್ಯೂಲ್ ಅದನ್ನು ತಡೆಯದೆ ಹಾಗೆಯೇ ಬರೆಯುತ್ತದೆ, ಆದರೆ ಜೇಸನ್ ವ್ಯಾಕರಣದಲ್ಲಿ ಅಂತಹ ಮೌಲ್ಯಕ್ಕೆ ಸ್ಥಾನವೇ ಇಲ್ಲ.

ಆ ದೋಷ ಕಣ್ಣಿಗೆ ಬಿದ್ದದ್ದು ನನ್ನ ಅದೃಷ್ಟ, ಏಕೆಂದರೆ ಅದರ ಬೆನ್ನಹಿಂದೆ ಸದ್ದಿಲ್ಲದ ಇನ್ನೊಂದು ದೋಷ ಅಡಗಿತ್ತು. ಅಫ್ಘಾನಿಸ್ತಾನದ ಅಂಕೆ ಸಂಕೇತ 004, ಅಲ್ಬೇನಿಯಾದ್ದು 008, ಅಲ್ಜೀರಿಯಾದ್ದು 012. ನನ್ನ ಕಡತದಲ್ಲಿ ಅವು 4, 8, 12 ಆಗಿದ್ದವು. ಸಂಕೇತವೆಂಬುದು ಸಂಖ್ಯೆಯಲ್ಲ, ಅದರ ಮುಂದಿನ ಸೊನ್ನೆಗಳೂ ಹೆಸರಿನ ಭಾಗವೇ. ಕನ್ವರ್ಟರ್ಸ್ ಎಂಬ ಆಯ್ಕೆಯಲ್ಲಿ ಆ ಕಾಲಂ ಪಠ್ಯವೆಂದು ತಿಳಿಸಿದ ಮೇಲೆ ಸೊನ್ನೆಗಳು ಮರಳಿದವು, ಖಾಲಿ ಮೌಲ್ಯಗಳ ಪೂರ್ವನಿಯೋಜಿತ ಪಟ್ಟಿಯನ್ನು ಕೈಬಿಡುವಂತೆ ಹೇಳಿದ ಮೇಲೆ ನಮೀಬಿಯಾವೂ ಮರಳಿತು.

ಇಷ್ಟಾದರೂ ತೊಂದರೆ ಮುಗಿಯಲಿಲ್ಲ. ಇದೇ ಕೋಡನ್ನು ಬೇರೊಂದು ಕೋಷ್ಟಕಕ್ಕೆ ಬಳಸಿದಾಗ, ಅಡಿಟಿಪ್ಪಣಿಗಳ ಕಾಲಂನಲ್ಲಿ '3,7' ಎಂದಿದ್ದುದು 37 ಆಗಿ ಬಂದಿತು. ರೀಡ್-ಎಚ್‌ಟಿಎಂಎಲ್ ಅಲ್ಪವಿರಾಮವನ್ನು ಸಾವಿರದ ಗುರುತೆಂದೇ ಭಾವಿಸುತ್ತದೆ. ಕಾಲಂ ಪಠ್ಯವೆಂದು ಹೇಳಿದ್ದರೂ ಇದು ನಿಲ್ಲಲಿಲ್ಲ, ಏಕೆಂದರೆ ನನ್ನ ಕನ್ವರ್ಟರಿನ ಕೈಗೆ ಮೌಲ್ಯ ಬರುವ ಮೊದಲೇ ಅಲ್ಪವಿರಾಮ ಅಳಿದುಹೋಗಿತ್ತು. ಸಾವಿರದ ಗುರುತಿನ ಆಯ್ಕೆಗೆ 'ನನ್' (ಪೈಥಾನಿನಲ್ಲಿ 'ಏನೂ ಇಲ್ಲ') ಎಂದು ಕೊಟ್ಟ ಮೇಲಷ್ಟೇ ಸರಿಹೋಯಿತು. ಪಾಂಡಾಸ್‌ನ ಮೂರು ಊಹೆಗಳನ್ನು ಮೂರು ಆಯ್ಕೆಗಳಿಂದ ಒಂದೊಂದಾಗಿ ತಡೆದು, ನಾಲ್ಕನೆಯದು ಎಲ್ಲಿದೆಯೋ ಎಂದು ಕಾಯುವ ಪರಿಸ್ಥಿತಿ ನನಗೆ ಒಗ್ಗಲಿಲ್ಲ.

ಬ್ರೌಸರ್ ಕನ್ಸೋಲಿನ ದಾರಿ ಒಂದೇ ಸಲದ ಕೆಲಸಕ್ಕೆ ಬಹಳ ಹಿತ. ಪುಟ ತೆರೆದ ಮೇಲೆ ಸ್ಕ್ರಿಪ್ಟ್ ತುಂಬುವ ಕೋಷ್ಟಕವೂ ಅಲ್ಲಿ ಸಿದ್ಧವಾಗಿರುತ್ತದೆ, ಟೇಬಲ್ಲಿನ 'ರೋಸ್', ಸಾಲಿನ 'ಸೆಲ್ಸ್' ಎಂಬ ಗುಣಗಳೇ ಸಾಕಾಗುತ್ತವೆ. ಪ್ರತಿ ವಾರ ತಾನಾಗಿ ನಡೆಯಬೇಕಾದ ಕೆಲಸಕ್ಕೆ ಮಾತ್ರ ಅದು ಆಗುವುದಿಲ್ಲ. ಅಲ್ಲಿಂದ ನಕಲಿಸಿದ ಎಕ್ಸ್‌ಪಾಥ್ (ಪುಟದೊಳಗಿನ ಒಂದು ಭಾಗದ ವಿಳಾಸ) ಪೈಥಾನಿನಲ್ಲಿ ಹಲವು ಸಲ ಏನನ್ನೂ ಹುಡುಕಿಕೊಡುವುದಿಲ್ಲ. ಏಕೆಂದರೆ ಮೂಲದಲ್ಲಿ ಇಲ್ಲದ, ಸಾಲುಗಳನ್ನು ಸುತ್ತುವರಿಯುವ 'ಟಿಬಾಡಿ' ಎಂಬ ಟ್ಯಾಗನ್ನು ಬ್ರೌಸರ್ ತಾನೇ ಸೇರಿಸಿರುತ್ತದೆ.

ಬ್ಯೂಟಿಫುಲ್ ಸೂಪಿನಲ್ಲಿ ಯಾರೂ ಏನನ್ನೂ ಊಹಿಸುವುದಿಲ್ಲ. ಸೆಲ್ಲಿನ ಪಠ್ಯ ಪಠ್ಯವಾಗಿಯೇ ಬರುತ್ತದೆ, ಯಾವುದು ಸಂಖ್ಯೆ ಯಾವುದು ದಿನಾಂಕ ಎಂಬುದನ್ನು ನಾನು ಡೇಟಾಕ್ಲಾಸಿನಲ್ಲಿ (ಆಬ್ಜೆಕ್ಟಿನ ಅಂಶಗಳ ಹೆಸರು, ಬಗೆಗಳ ಪಟ್ಟಿಯಲ್ಲಿ) ಬರೆದಿಟ್ಟಂತೆ ಪರಿವರ್ತಿಸುತ್ತೇನೆ. ಕೊಂಡಿಗಳೂ ಕಳೆದುಹೋಗುವುದಿಲ್ಲ. ಅಡಿಟಿಪ್ಪಣಿಯ ಸೂಚಕಗಳನ್ನು ಪಠ್ಯ ತೆಗೆಯುವ ಮೊದಲೇ ಅಳಿಸಿಬಿಡಬಹುದು.

ಇದಕ್ಕೆ ತೆರಬೇಕಾದ ಬೆಲೆ ರೋಸ್ಪ್ಯಾನ್, ಅಂದರೆ ಒಂದು ಸೆಲ್ಲನ್ನು ಹಲವು ಸಾಲುಗಳಿಗೆ ಹರಡುವ ಗುಣ. ಒಂದು ಸೆಲ್ ಮೂರು ಸಾಲುಗಳಿಗೆ ಹರಡಿದ್ದರೆ ಮೂಲದಲ್ಲಿ ಅದು ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ. ಮುಂದಿನ ಎರಡು ಸಾಲುಗಳ ಸೆಲ್‌ಗಳು ಒಂದು ಸ್ಥಾನ ಎಡಕ್ಕೆ ಸರಿದು ತಪ್ಪು ಶೀರ್ಷಿಕೆಯಡಿ ಕೂರುತ್ತವೆ. ಪಾಂಡಾಸ್ ಇದನ್ನು ತಾನೇ ಬಿಡಿಸುತ್ತದೆ, ಆ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು. ನಾನು ಸಾಲು ಮತ್ತು ಕಾಲಂ ಸಂಖ್ಯೆಗಳ ಜೋಡಿಯನ್ನೇ ಕೀಲಿಯಾಗಿಸಿಕೊಂಡ ಡಿಕ್ಷನರಿಯೊಂದನ್ನು ಇಟ್ಟುಕೊಂಡು, ಪ್ರತಿ ಸೆಲ್ಲನ್ನು ಅದೇ ಸಾಲಿನ ಮೊದಲ ಖಾಲಿ ಸ್ಥಾನದಲ್ಲಿ ಕೂರಿಸಿ, ಅದು ಹರಡುವಷ್ಟೂ ಜಾಗಗಳಲ್ಲಿ ಅದೇ ಮೌಲ್ಯವನ್ನು ತುಂಬುತ್ತೇನೆ. ಸುಮಾರು ಇಪ್ಪತ್ತು ಸಾಲಿನ ಕೋಡ್. ಒಮ್ಮೆ ಬರೆದ ಮೇಲೆ ಪ್ರತಿ ಕೆಲಸದಲ್ಲೂ ಅದನ್ನೇ ಬಳಸುತ್ತಿದ್ದೇನೆ. ಕೋಷ್ಟಕದೊಳಗೆ ಕೋಷ್ಟಕವಿದ್ದರೆ ಒಳಗಿನ ಸಾಲುಗಳನ್ನು ಎಣಿಸದಂತೆಯೂ ನೋಡಿಕೊಳ್ಳಬೇಕು.

ಕೋಷ್ಟಕ ತಂದು ಮೊತ್ತ, ಸರಾಸರಿ ನೋಡುವುದಷ್ಟೇ ಉದ್ದೇಶವಾಗಿದ್ದರೆ ಪಾಂಡಾಸ್ ಸಾಕು, ನಾನೂ ಅದಕ್ಕೆ ಅದನ್ನೇ ಬಳಸುತ್ತೇನೆ. ಆದರೆ ನನ್ನ ವಾರದ ಕೆಲಸ ನಡೆಯುವುದು ಕಡಿಮೆ ಮೆಮೊರಿಯ ಬಾಡಿಗೆ ಯಂತ್ರದಲ್ಲಿ, ಅದರಿಂದ ಹೊರಬರುವುದು ಇತರರು ಅವಲಂಬಿಸಿರುವ ಸಂಕೇತಗಳು. ಲೆಕ್ಕಾಚಾರದ ಲೈಬ್ರರಿಯಾದ ನಂಪೈಯನ್ನೂ ಎಳೆದು ತರುವ ಪಾಂಡಾಸ್‌ನಂಥ ಭಾರದ ಲೈಬ್ರರಿಗೆ ಅಲ್ಲಿ ಜಾಗ ಕೊಡಲಾರೆ. ಆ ಕೆಲಸ ಪ್ರತಿ ಸಲ ಕಡತ ಬರೆಯುವ ಮೊದಲು ಎರಡು ಸಾಲುಗಳನ್ನು ಪರೀಕ್ಷಿಸುತ್ತದೆ: ಅಫ್ಘಾನಿಸ್ತಾನದ ಮುಂದೆ 004 ಮೂರು ಅಂಕಿಯ ಪಠ್ಯವಾಗಿ ಇರಬೇಕು, ನಮೀಬಿಯಾದ ಮುಂದೆ 'ಎನ್‌ಎ' ಇರಬೇಕು. ಇಲ್ಲದಿದ್ದರೆ ಹಳೆಯ ಕಡತವೇ ಉಳಿಯುತ್ತದೆ.